ಚಾತುರ್ಮಾಸ್ಯದ ಅಡಿಗೆ: ಮನೆಮಂದಿಯ ಊಟ, ಮಕ್ಕಳ ತಿಂಡಿ

॥ ಶ್ರೀ ಗುರುಭ್ಯೋ ನಮಃ, ಹರಿಃ ಓಂ ॥

ಆಷಾಢ ಶುಕ್ಲ ಏಕಾದಶಿ ಸಮೀಪಿಸಿತೆಂದರೆ ಮಾಧ್ವರ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆ ನಡೆಯುತ್ತದೆ. ಒಂದು ದೇವರ ಮನೆಯದು: ತಪ್ತಮುದ್ರಾಧಾರಣೆ, ಸಂಕಲ್ಪ, ಪ್ರವಚನಗಳ ಶ್ರವಣ. ಇನ್ನೊಂದು ಅಡಿಗೆಯ ಮನೆಯದು. ಮೊದಲನೆಯದನ್ನು ಕುರಿತು ಪಂಡಿತರು ಹೇಳುತ್ತಾರೆ, ಪಂಚಾಂಗಗಳು ತಿಳಿಸುತ್ತವೆ. ಎರಡನೆಯದನ್ನು ಕುರಿತು ಹೇಳುವವರು ಕಡಮೆ. ಅದು ಮನೆಯ ಹಿರಿಯ ಹೆಣ್ಣುಮಕ್ಕಳ ನೆನಪಿನಲ್ಲಿ ಉಳಿದುಕೊಂಡು ಬಂದ ವಿದ್ಯೆ. ಆ ನೆನಪು ಕಣ್ಮರೆಯಾದಾಗ ಏನಾಗುವುದೆಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡೆವು. ಆದುದರಿಂದ ಈ ಲೇಖನ.

ನಮ್ಮ ಮಾತೋಶ್ರೀಯವರು ಇದ್ದಷ್ಟು ದಿನ ಚಾತುರ್ಮಾಸ್ಯದಲ್ಲಿ ಏನು ಸಲ್ಲುತ್ತದೆ, ಏನು ಸಲ್ಲುವುದಿಲ್ಲ ಎಂದು ನಾವು ಯಾರೂ ಯೋಚಿಸಿದವರಲ್ಲ. ತಟ್ಟೆಗೆ ಬಂದದ್ದು ಸಲ್ಲುವಂಥದೇ ಆಗಿರುತ್ತಿತ್ತು. ಅವರು ತೀರಿಕೊಂಡ ಮರುವರ್ಷ ದ್ವಿದಲ ವ್ರತದ ನಡುವೆ ದೀಪಾವಳಿ ಬಂದಿತು. ಮಗ್ಗದ ಊರಾದ ಬನಹಟ್ಟಿಯಲ್ಲಿ ಹಬ್ಬದ ಮುಂದಿನ ದಿನಗಳೆಂದರೆ ಯಾರಿಗೂ ಬಿಡುವಿಲ್ಲ. ಮನೆಯಲ್ಲಿ ಮಾಡಲಾಗದೆ ಪೇಟೆಯಿಂದ ಒಂದು ಡಬ್ಬಿ ಬೇಸನ್ ಉಂಡಿ, ಚಕ್ಕುಲಿ, ಸೇವು ತಂದೆವು. ನೈವೇದ್ಯಕ್ಕೆ ಇಡುವ ಹೊತ್ತಿಗೆ ನೆನಪಾಯಿತು: ಎಲ್ಲವೂ ಕಡಲೆಹಿಟ್ಟಿನವು! ಡಬ್ಬಿಯನ್ನು ಮುಚ್ಚಿ ಮೇಲಿಟ್ಟೆವು. ಮೊಮ್ಮಗನು, “ಅಜ್ಜಾ, ದೀಪಾವಳಿಗೂ ಉಂಡಿ ತಿನ್ನಬಾರದೇನ್ರಿ?” ಎಂದು ಕೇಳಿದನು. ತಿನ್ನಬಾರದೆಂದು ಹೇಳುವುದು ಸುಲಭವಾಗಿತ್ತು. ಅದರ ಬದಲು ಏನು ತಿನ್ನಬಹುದೆಂದು ಹೇಳಲು ನಮಗೆ ಬರಲಿಲ್ಲ. ಆ ದಿನ ಆದ ನಾಚಿಕೆಯನ್ನು ನಾವು ಮರೆತಿಲ್ಲ. ತಪ್ಪು ವ್ರತದ್ದಲ್ಲ, ಮಗುವಿನದೂ ಅಲ್ಲ. ಕೇಳಿ ಬರೆದಿಟ್ಟುಕೊಳ್ಳಬೇಕಾದುದನ್ನು ಬರೆದಿಟ್ಟುಕೊಳ್ಳದ ನಮ್ಮದು.

ಅಡಿಗೆಗೆ ಏಕೆ ಇಷ್ಟು ಮಹತ್ವ?

ತನ್ನ ಸಲುವಾಗಿಯೇ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆಂದು ಭಗವದ್ಗೀತೆಯ ಮೂರನೆಯ ಅಧ್ಯಾಯ ಎಚ್ಚರಿಸುತ್ತದೆ. ಎಲೆ, ಹೂ, ಹಣ್ಣು, ನೀರುಗಳನ್ನು ಭಕ್ತಿಯಿಂದ ಕೊಟ್ಟರೆ ತಾನು ಸ್ವೀಕರಿಸುವೆನೆಂದು ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನೇ ಹೇಳುತ್ತಾನೆ. ಉಂಡ ಅನ್ನದ ಸೂಕ್ಷ್ಮಭಾಗವು ಮನಸ್ಸಾಗುತ್ತದೆಂದು ಛಾಂದೋಗ್ಯೋಪನಿಷತ್ತು ತಿಳಿಸುತ್ತದೆ. ಹೀಗಿರುವಾಗ ಒಲೆಯ ಮುಂದಿನ ಕೆಲಸವು ಪೂಜೆಯ ಒಂದು ಅಂಗವೇ ಹೊರತು ಪೂಜೆಗೆ ಮುಂಚಿನ ಗಡಿಬಿಡಿಯಲ್ಲ. ಸೋದೆಯ ಶ್ರೀ ವಾದಿರಾಜತೀರ್ಥರು ಕಡಲೆಬೇಳೆ, ಬೆಲ್ಲ, ತುಪ್ಪ, ಕೊಬ್ಬರಿಗಳ ಮಡ್ಡಿಯನ್ನು ಹರಿವಾಣದಲ್ಲಿ ತಲೆಯ ಮೇಲೆ ಹಿಡಿದರೆ ಹಯಗ್ರೀವದೇವರು ಶ್ವೇತಾಶ್ವರೂಪದಿಂದ ಬಂದು ಸ್ವೀಕರಿಸುತ್ತಿದ್ದನೆಂಬ ಐತಿಹ್ಯ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಇಂದಿಗೂ ಆ ಭಕ್ಷ್ಯಕ್ಕೆ ಹಯಗ್ರೀವ ಎಂದೇ ಹೆಸರು. ದೇವರ ಹೆಸರನ್ನೇ ಒಂದು ಸಿಹಿಗೆ ಇಟ್ಟ ಸಂಪ್ರದಾಯವು ಅಡಿಗೆಯನ್ನು ಕೀಳಾಗಿ ಕಂಡಿತೆಂದು ಯಾರು ಹೇಳಿಯಾರು?

ನಾಲ್ಕು ವ್ರತಗಳ ಲೆಕ್ಕ

ಮೊದಲನೆಯ ತಿಂಗಳು ಶಾಕವ್ರತ. ಶ್ರಾವಣ ಶುಕ್ಲ ದ್ವಾದಶಿಯಿಂದ ದಧಿವ್ರತ, ಭಾದ್ರಪದ ಶುಕ್ಲ ದ್ವಾದಶಿಯಿಂದ ಕ್ಷೀರವ್ರತ, ಆಶ್ವಿನ ಶುಕ್ಲ ದ್ವಾದಶಿಯಿಂದ ದ್ವಿದಲವ್ರತ. ಕಾರ್ತಿಕ ಶುಕ್ಲ ದ್ವಾದಶಿಗೆ ಎಲ್ಲದರ ಸಮಾಪ್ತಿ. ಒಂದೊಂದು ತಿಂಗಳ ಕೊನೆಗೆ ಬಿಟ್ಟ ಪದಾರ್ಥವನ್ನು ದಾನಮಾಡಿ ವ್ರತವನ್ನು ಕೃಷ್ಣಾರ್ಪಣ ಮಾಡುತ್ತಾರೆ.

ಈ ಕ್ರಮವನ್ನು ಅಡಿಗೆ ಮಾಡುವವರ ಕಣ್ಣಿನಿಂದ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕಾಯಿಪಲ್ಯ, ಮೊಸರು, ಹಾಲು, ಬೇಳೆ ಈ ನಾಲ್ಕೂ ಒಟ್ಟಿಗೆ ಎಂದೂ ತಟ್ಟೆಯಿಂದ ಹೋಗುವುದಿಲ್ಲ. ಕಾಯಿಪಲ್ಯ ಬಿಟ್ಟಾಗ ಬೇಳೆ, ಹಾಲು, ಮೊಸರು ಇರುತ್ತವೆ. ಮೊಸರು ಬಿಟ್ಟಾಗ ಹಾಲು, ಮಜ್ಜಿಗೆ, ಬೇಳೆ, ಕಾಯಿಪಲ್ಯ ಇರುತ್ತವೆ. ಹಾಲು ಬಿಟ್ಟಾಗ ಮೊಸರು ಮರಳಿ ಬರುತ್ತದೆ. ಬೇಳೆ ಬಿಟ್ಟಾಗ ಹಾಲು, ಮೊಸರು ಎರಡೂ ಇರುತ್ತವೆ. ಇಂದಿನ ಆಹಾರಶಾಸ್ತ್ರದವರು ಹೇಳುವಂತೆ ಧಾನ್ಯಗಳಲ್ಲಿ ಲೈಸೀನ್ ಎಂಬ ಅಂಶ ಕಡಮೆ. ಬೇಳೆಗಳಲ್ಲಿ ಅದು ಹೇರಳ, ಹಾಲು ಮೊಸರುಗಳಲ್ಲಿಯೂ ಉಂಟು. ಆದುದರಿಂದ ಜೋಳದ ರೊಟ್ಟಿಗೆ ಬೇಳೆ ಇಲ್ಲದ ತಿಂಗಳಲ್ಲಿ ಗಟ್ಟಿ ಮೊಸರು ಜೊತೆಯಾದರೆ ಊಟ ಸೊರಗುವುದಿಲ್ಲ. ಬಿಟ್ಟುದನ್ನು ನೆನೆಯುತ್ತ ಅಡಿಗೆ ಮಾಡುವವರಿಗೆ ವ್ರತ ಬರಗಾಲವಾಗುತ್ತದೆ. ಉಳಿದುದನ್ನು ಬಲ್ಲವರಿಗೆ ಅದು ನಾಲ್ಕು ಬಗೆಯ ರುಚಿಯಾಗುತ್ತದೆ. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಶಾಕವ್ರತ: ಮೆಣಸಿನ ತಿಂಗಳು

ಶಾಕವೆಂದರೆ ಬರಿಯ ಸೊಪ್ಪಲ್ಲ. ಬೇರು, ಎಲೆ, ಮೊಳಕೆ, ಕುಡಿ, ಕಾಯಿ ಹಣ್ಣು, ಕಾಂಡ, ತೊಗಟೆ, ಹೂ, ಅಣಬೆ ಮುಂತಾಗಿ ಹತ್ತು ಬಗೆಯೆಂದು ಶಾಸ್ತ್ರಕಾರರು ಎಣಿಸಿದ್ದಾರೆ. ಇದನ್ನು ತಿಳಿದರೆ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ತೆಂಗಿನಕಾಯಿ, ಹುಣಸೆ, ಮೆಣಸಿನಕಾಯಿ ಕಾಯಿಯ ಜಾತಿಯವು. ಕರಿಬೇವು, ಕೊತ್ತಂಬರಿ ಎಲೆಗಳು. ಶುಂಠಿ ಗಡ್ಡೆ. ಲವಂಗ ಹೂವಿನ ಮೊಗ್ಗು, ದಾಲ್ಚಿನ್ನಿ ತೊಗಟೆ. ಇವೆಲ್ಲ ಏಕೆ ಬಿಟ್ಟುಹೋದುವೆಂದು ಮಕ್ಕಳೂ ತಾವೇ ಹೇಳಬಲ್ಲರು. ಶಿಷ್ಟಾಚಾರದಿಂದ ಉಳಿದುಬಂದವು ಕರಿಮೆಣಸು, ಜೀರಿಗೆ ಮತ್ತು ಮಾವು.

ಇಲ್ಲಿ ಒಂದು ಸ್ವಾರಸ್ಯವುಂಟು. ಮೆಣಸಿನಕಾಯಿ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಬಂದುದು. ಆಲೂಗಡ್ಡೆ, ಟೊಮೆಟೊ ಕೂಡ ಆ ಖಂಡದಿಂದಲೇ ಬಂದವು. ಅದಕ್ಕೂ ಮುಂಚೆ ನಮ್ಮ ಸಾರಿಗೆ ಖಾರ ಕೊಟ್ಟದ್ದು ಕರಿಮೆಣಸು. ಶಾಕವ್ರತದ ತಿಂಗಳಲ್ಲಿ ನಾವು ಉಣ್ಣುವ ಮೆಣಸಿನ ಸಾರು ಶ್ರೀಮದಾಚಾರ್ಯರ ಕಾಲದ ಅಡಿಗೆಯ ರುಚಿಗೆ ಹತ್ತಿರವಾದುದು.

ನಾಲ್ಕು ಮಂದಿಗೆ ಅರ್ಧ ಬಟ್ಟಲು ಹೆಸರುಬೇಳೆಯನ್ನು ತುಪ್ಪದಲ್ಲಿ ನಸುಗೆಂಪಾಗಿ ಹುರಿದು ಮೆತ್ತಗೆ ಬೇಯಿಸತಕ್ಕದ್ದು. ಒಣಗಿಸಿದ ಮಾವಿನಕಾಯಿ ಹೋಳು ನಾಲ್ಕನ್ನು ಬಿಸಿನೀರಿನಲ್ಲಿ ನೆನೆಸಿ ಹಿಸುಕಿ ಹಾಕತಕ್ಕದ್ದು. ಒಂದು ಚಮಚ ಮೆಣಸು, ಒಂದು ಚಮಚ ಜೀರಿಗೆ ಹುರಿದು ತರಿಯಾಗಿ ಕುಟ್ಟಿ, ಉಪ್ಪು ಮತ್ತು ಅಡಿಕೆಯಷ್ಟು ಬೆಲ್ಲದೊಡನೆ ಸೇರಿಸಿ ಎರಡು ಕುದಿ ಬಂದ ಮೇಲೆ ತುಪ್ಪದಲ್ಲಿ ಜೀರಿಗೆಯ ಒಗ್ಗರಣೆ. ಹುಳಿ ಹೆಚ್ಚಾದರೆ ಮೆಣಸಿನ ಘಾಟು ಅಡಗುತ್ತದೆ. ಆದುದರಿಂದ ಮಾವನ್ನು ಕೈ ತಡೆದು ಹಾಕುವುದು ಲೇಸು.

ಆದರೆ ಆಷಾಢದಲ್ಲಿ ಒಣಮಾವು ಎಲ್ಲಿಂದ ಬರಬೇಕು? ಇಲ್ಲಿಯೇ ಹಿರಿಯರ ದೂರದೃಷ್ಟಿ. ಚೈತ್ರ ವೈಶಾಖಗಳಲ್ಲಿ ನಮ್ಮೂರ ಮಾಳಿಗೆಯ ಮೇಲೆ ಬೀಳುವ ಬಿಸಿಲು ಎಂಥದೆಂದು ಬಲ್ಲವರೇ ಬಲ್ಲರು. ಆಗಲೇ ಮಾವಿನಕಾಯಿ ಸೀಳಿ, ಉಪ್ಪು ಸವರಿ, ಖಟ್ಟನೆ ಮುರಿಯುವಂತೆ ಒಣಗಿಸಿ ಭರಣಿಗೆ ತುಂಬುತ್ತಿದ್ದರು. ಅದೇ ಬಿಸಿಲಿನಲ್ಲಿ ಶಾವಿಗೆಯೂ ಒಣಗುತ್ತಿತ್ತು. ಆಷಾಢದ ಅಡಿಗೆ ಚೈತ್ರದಲ್ಲಿಯೇ ಆರಂಭವಾಗುತ್ತದೆ.

ಈ ತಿಂಗಳಲ್ಲಿಯೇ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಯೆಂದರೆ ಜೋಕಾಲಿ, ತವರಿಗೆ ಬಂದ ಹೆಣ್ಣುಮಕ್ಕಳು, ಬಗೆಬಗೆಯ ಉಂಡಿ. ಕೊಬ್ಬರಿ ಸಲ್ಲದ ಈ ದಿನಗಳಲ್ಲಿ ಹೆಸರಿನ ಉಂಡಿ ಎಲ್ಲಕ್ಕಿಂತ ಅನುಕೂಲ. ಎರಡು ಬಟ್ಟಲು ಹೆಸರುಬೇಳೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿದ ಮೇಲೆ ನುಣ್ಣಗೆ ಬೀಸಿ, ಒಂದೂಕಾಲು ಬಟ್ಟಲು ಸಕ್ಕರೆಯ ಪುಡಿ, ಒಂದು ಬಟ್ಟಲಿಗೆ ತುಸು ಕಡಮೆ ಬಿಸಿ ತುಪ್ಪ ಕೂಡಿಸಿ ಕಟ್ಟಿದರಾಯಿತು. ಹುರಿಯುವಾಗ ಅವಸರ ಮಾಡಿದರೆ ಹಸಿವಾಸನೆ ಉಳಿಯುತ್ತದೆ. ಅದೊಂದೇ ಎಚ್ಚರಿಕೆ.

ದಧಿವ್ರತ ಮತ್ತು ಕ್ಷೀರವ್ರತ

ದಧಿವ್ರತದಲ್ಲಿ ಮೊಸರು ವರ್ಜ್ಯ, ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಗ್ರಾಹ್ಯ. ಮೊಸರಿಗೆ ನೀರು ಬೆರೆಸಿ ಕಲಕಿದ ಮಾತ್ರಕ್ಕೆ ಮಜ್ಜಿಗೆಯಾಗದು ಎಂಬುದನ್ನು ಕಡಗೋಲು ಕಾಣದ ಇಂದಿನ ಮಕ್ಕಳಿಗೆ ಹೇಳಿಕೊಡಬೇಕು. ಈ ತಿಂಗಳಲ್ಲಿ ಅಡಗಿ ಕುಳಿತ ಮೊಸರನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಮೊಸರಿನಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ ಅಂಥದು. ರಾಯರ ಆರಾಧನೆ, ಕೃಷ್ಣಾಷ್ಟಮಿ, ಗಣೇಶ ಚೌತಿ ಮೂರೂ ಈ ಅವಧಿಯಲ್ಲಿಯೇ ಬರುವುದರಿಂದ ಭಕ್ಷ್ಯಗಳಿಗೆ ಕೊರತೆಯಿಲ್ಲ. ತೆಂಗಿನಕಾಯಿ ಮರಳಿ ಬಂದಿದೆ, ಕಡಬು ಮಾಡಬಹುದು. ಬೇಳೆ ಇದೆ, ಹಯಗ್ರೀವ ಮಾಡಬಹುದು. ಬೆಲ್ಲಕ್ಕಂತೂ ನಾವು ದೂರ ಹೋಗಬೇಕಾಗಿಲ್ಲ. ಬೆಲ್ಲದ ಪೇಟೆಯೆಂದು ಹೆಸರಾದ ಮಹಾಲಿಂಗಪುರ ನಮ್ಮ ನೆರೆಯಲ್ಲಿಯೇ ಇದೆ.

ಕ್ಷೀರವ್ರತ ಬಂದಾಗ ಪಾಯಸವಿಲ್ಲವೆಂದು ಹಲವರು ಕೊರಗುತ್ತಾರೆ. ನಮ್ಮ ನಾಡಿನ ಗೋಧಿ ಹುಗ್ಗಿಗೆ ಹಾಲೇ ಬೇಕೆಂದಿಲ್ಲ. ಒಂದು ಬಟ್ಟಲು ಕುಟ್ಟಿದ ಗೋಧಿಯನ್ನು ರಾತ್ರಿ ನೆನೆಯಿಟ್ಟು ಬೆಳಗ್ಗೆ ಬೆರಳಿಗೆ ಹಿಸುಕಿದರೆ ನುಗ್ಗುವಂತೆ ಬೇಯಿಸಬೇಕು. ಒಂದೂವರೆ ಬಟ್ಟಲು ಬೆಲ್ಲ ಹಾಕಿ ಕುದಿಸಿ, ಒಲೆಯಿಂದ ಇಳಿಸಿದ ಬಳಿಕ ಒಂದು ಬಟ್ಟಲು ಗಟ್ಟಿ ತೆಂಗಿನ ಹಾಲು ಬೆರೆಸಬೇಕು. ಒಲೆಯ ಮೇಲಿರುವಾಗಲೇ ಹಾಕಿದರೆ ಒಡೆಯುತ್ತದೆ. ಮೇಲೆ ತುಪ್ಪ. ಬೆಲ್ಲವನ್ನು ಗೋಧಿ ಪೂರ್ತಿ ಬೆಂದ ಮೇಲೆಯೇ ಹಾಕತಕ್ಕದ್ದು, ಮೊದಲೇ ಹಾಕಿದರೆ ಕಾಳು ಬಿರುಸಾಗಿ ನಿಲ್ಲುತ್ತದೆ. ನವರಾತ್ರಿಯ ಒಂಬತ್ತು ದಿನಗಳಲ್ಲಿ ಒಂದು ದಿನವಾದರೂ ಇದನ್ನು ಮಾಡಿ ನೋಡಿರಿ.

ದ್ವಿದಲವ್ರತ: ಎಲ್ಲಕ್ಕಿಂತ ಕಠಿಣ

ಒಡೆದರೆ ಎರಡು ಹೋಳಾಗುವ ತೊಗರಿ, ಕಡಲೆ, ಹೆಸರು, ಉದ್ದುಗಳೂ ಬದನೆ, ಟೊಮೆಟೊಗಳಂಥ ಬಹುಬೀಜಗಳೂ ಈ ತಿಂಗಳು ವರ್ಜ್ಯ. ಬೇಳೆಯ ಹುಳಿ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಚಿಕ್ಕವು: ಒಗ್ಗರಣೆಗೆ ಬೀಳುವ ಉದ್ದಿನಬೇಳೆ, ಸಾರಿನ ಪುಡಿಯಲ್ಲಿ ಹುರಿದು ಕುಟ್ಟಿದ ಬೇಳೆ, ಉದ್ದಿನ ಹಪ್ಪಳ, ಚಟ್ನಿಯ ಪುಟಾಣಿ, ದೋಸೆಯ ಹಿಟ್ಟು. ಆದುದರಿಂದ ಈ ತಿಂಗಳ ಸಾರಿನ ಪುಡಿಯನ್ನು ಬೇರೆಯಾಗಿಯೇ ಮಾಡಿ ಡಬ್ಬಿಯ ಮೇಲೆ ಹೆಸರು ಬರೆದಿಡುವುದು ಉಚಿತ. ಅಕ್ಕಿಹಿಟ್ಟಿನಿಂದ ಗಟ್ಟಿ ಮಾಡಿದ, ಮೆಣಸು ಜೀರಿಗೆಯ ಮಜ್ಜಿಗೆ ಹುಳಿ ದಿನನಿತ್ಯದ ಊಟಕ್ಕೆ ಆಧಾರ.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ದೀಪಾವಳಿಗೆ ಕಡಲೆಬೇಳೆಯ ಹೂರಣವಿಲ್ಲದಿದ್ದರೇನು, ಸಜ್ಜಕದ ಹೋಳಿಗೆ ಇದೆಯಲ್ಲ. ಒಂದು ಬಟ್ಟಲು ರವೆಯನ್ನು ತುಪ್ಪದಲ್ಲಿ ಹುರಿದು, ಎರಡು ಬಟ್ಟಲು ಕುದಿಯುವ ನೀರಿನಲ್ಲಿ ಬೇಯಿಸಿ, ಒಂದು ಬಟ್ಟಲು ಹೆರೆದ ಬೆಲ್ಲ ಕೂಡಿಸಿ ಮುದ್ದೆಯಾಗುವವರೆಗೆ ಕೈಯಾಡಿಸಬೇಕು. ಪೂರ್ತಿ ಆರಿದ ಮೇಲೆ ಕಣಕದಲ್ಲಿ ತುಂಬಿ ಲಟ್ಟಿಸಿ ಹಂಚಿನ ಮೇಲೆ ಬೇಯಿಸಿದರೆ ಹೋಳಿಗೆ ಸಿದ್ಧ. ಬಿಸಿಯಿರುವಾಗ ತುಂಬಿದರೆ ಕಣಕ ಹರಿಯುತ್ತದೆ. ರವೆ ಉಂಡಿ, ಶಂಕರಪಾಳಿ, ಚಿರೋಟಿ, ಬೆಣ್ಣೆ ಹಾಕಿದ ಅಕ್ಕಿಹಿಟ್ಟಿನ ಚಕ್ಕುಲಿ ಇವೆಲ್ಲ ಸಲ್ಲತಕ್ಕವೇ. ನಮಗೆ ಅಂದು ಗೊತ್ತಿರಲಿಲ್ಲ, ಅಷ್ಟೆ.

ಬೇಕರಿಯ ತಿಂಡಿ ಮತ್ತು ಮನೆಯ ನಾನಕಟಾಯಿ

ಶಾಲೆಯಿಂದ ಬಂದ ಮಕ್ಕಳು ಬಿಸ್ಕೀಟು, ಕೇಕು ಕೇಳುತ್ತಾರೆ. ಕೇಳಬಾರದೆಂದು ಗದರಿಸುವುದರಿಂದ ಪ್ರಯೋಜನವಿಲ್ಲ, ಗದರಿಸಿದ್ದು ಹೊರಗೆ ನಡೆಯುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಮಾಂಸ, ಮೊಟ್ಟೆಗಳಿಲ್ಲವೆಂದು ಮಾತ್ರ ತಿಳಿಸುತ್ತದೆ. ಹಾಲಿನ ಪುಡಿ ಇದೆಯೇ, ಬೇಳೆಯ ಹಿಟ್ಟು ಇದೆಯೇ ಎಂಬುದನ್ನು ಪದಾರ್ಥಗಳ ಪಟ್ಟಿಯಲ್ಲಿ ಓದಿಯೇ ತಿಳಿಯಬೇಕು. ಅದಕ್ಕಿಂತ ಮನೆಯಲ್ಲಿಯೇ ಸುಟ್ಟ ನಾನಕಟಾಯಿ ಉತ್ತಮ. ಗೋಧಿಹಿಟ್ಟು, ಚಿರೋಟಿ ರವೆ, ತುಪ್ಪ, ಸಕ್ಕರೆ ಈ ನಾಲ್ಕೇ ಸಾಕು. ಹಾಲಿಲ್ಲ, ಮೊಸರಿಲ್ಲ, ಬೇಳೆಯಿಲ್ಲ, ಶಾಕವಿಲ್ಲ. ನಾಲ್ಕು ತಿಂಗಳಿಗೂ ಸಲ್ಲುವ ತಿಂಡಿ.

ಒಂದು ಬಟ್ಟಲು ಹೆಪ್ಪುಗಟ್ಟಿದ ತುಪ್ಪವನ್ನು ಹರಿವಾಣದಲ್ಲಿ ಅಂಗೈಯಿಂದ ತಿಕ್ಕಿ ಬೆಳ್ಳಗೆ, ಹಗುರಾಗಿ ಮಾಡಬೇಕು. ಇದೇ ಮುಖ್ಯ ಕೆಲಸ, ಇದರಿಂದಲೇ ಸೋಡಾ ಇಲ್ಲದೆಯೂ ನಾನಕಟಾಯಿ ಪುಡಿಪುಡಿಯಾಗುತ್ತದೆ. ಒಂದು ಬಟ್ಟಲು ಸಕ್ಕರೆಯ ಪುಡಿ ಸೇರಿಸಿ ಮತ್ತೆ ತಿಕ್ಕಿ, ಎರಡು ಬಟ್ಟಲು ಗೋಧಿಹಿಟ್ಟು, ಅರ್ಧ ಬಟ್ಟಲು ರವೆ ಕೂಡಿಸಿ ಮೆಲ್ಲಗೆ ಕಲಸಿ ಅರ್ಧ ತಾಸು ಮುಚ್ಚಿಡಬೇಕು. ದಪ್ಪ ತಳದ ಪಾತ್ರೆಯಲ್ಲಿ ಒಂದು ಅಂಗುಲ ಉಪ್ಪು ಹರಡಿ, ಮೇಲೆ ಸಿಂಬೆಯಂತೆ ಒಂದು ಬಳೆಯನ್ನಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಉಂಡೆಗಳನ್ನು ಚಪ್ಪಟೆ ಮಾಡಿ ತುಪ್ಪ ಸವರಿದ ತಟ್ಟೆಯಲ್ಲಿಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಸುಡಬೇಕು. ತೆಗೆದಾಗ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಭ್ರಮಿಸಿ ಮತ್ತೆ ಒಲೆಗೆ ಇಡಬಾರದು, ಆರಿದಂತೆ ಗರಿಗರಿಯಾಗುತ್ತದೆ. ದೇವರಿಗೆ ತೋರಿಸಿ ಮಕ್ಕಳ ಕೈಗೆ ಕೊಟ್ಟರೆ ಅದು ಬರಿಯ ತಿಂಡಿಯಾಗಿ ಉಳಿಯುವುದಿಲ್ಲ.

ಯಾರಿಗೆ ವಿನಾಯಿತಿ, ಯಾರಿಗೆ ಭಾರ

ಏಕಾದಶಿಯ ಉಪವಾಸವನ್ನೂ ಎಂಟು ವರ್ಷದ ಒಳಗಿನವರಿಗೆ, ಎಂಬತ್ತು ದಾಟಿದವರಿಗೆ ಶಾಸ್ತ್ರವು ಕಡ್ಡಾಯ ಮಾಡಿಲ್ಲ. ಹೀಗಿರುವಾಗ ಕ್ಷೀರವ್ರತವೆಂದು ಕೂಸಿನ ಹಾಲು ತಪ್ಪಿಸುವುದಾಗಲಿ, ಗರ್ಭಿಣಿಯರ, ಬಾಣಂತಿಯರ, ರೋಗಿಗಳ ಪಥ್ಯ ಕೆಡಿಸುವುದಾಗಲಿ ಧರ್ಮವಲ್ಲ. ಸಕ್ಕರೆ ಕಾಯಿಲೆಯವರು ಶಾಕವ್ರತದಲ್ಲಿ ಕಾಯಿಪಲ್ಯ ಬಿಟ್ಟು ಅನ್ನ ಸಿಹಿಗಳನ್ನು ಹೆಚ್ಚಿಸಿಕೊಂಡರೆ ಅಪಾಯ. ಜೋಳದ ರೊಟ್ಟಿ, ಹೆಸರುಬೇಳೆಗಳಿಗೆ ಪ್ರಾಧಾನ್ಯ ಕೊಟ್ಟು, ವೈದ್ಯರನ್ನು ಕೇಳಿ ನಡೆಯತಕ್ಕದ್ದು.

ಇನ್ನೊಂದು ಮಾತನ್ನು ಗೃಹಸ್ಥರಿಗೆ ಹೇಳದೆ ಇರಲಾರೆವು. ವ್ರತದ ಸಂಕಲ್ಪ ಮಾಡುವವರು ನಾವು, ಬೆಳಗಿನ ಜಾವ ಎದ್ದು ದ್ವಾದಶಿಯ ಪಾರಣೆಗೆ ಬೇಯಿಸುವವರು ಅವರು. ಹಿಂದಿನ ದಿನ ಉಪವಾಸವಿದ್ದವರೇ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾರೆ. ಅಷ್ಟು ಹೊತ್ತಿಗೆ ಸಾರು ಆರಿರುತ್ತದೆ, ಭಕ್ಷ್ಯ ಮುಗಿದಿರುತ್ತದೆ. ನಮ್ಮ ಮಾತೋಶ್ರೀಯವರ ತಟ್ಟೆಯಲ್ಲಿ ಏನಿರುತ್ತಿತ್ತೆಂದು ನಾವು ಒಂದು ದಿನವೂ ನೋಡಲಿಲ್ಲ. ಈಗ ನಮ್ಮ ಮನೆಯಲ್ಲಿ ಭಕ್ಷ್ಯದ ಒಂದು ಭಾಗವನ್ನು ಅಡಿಗೆ ಮಾಡಿದವರಿಗೆಂದು ಮೊದಲೇ ತೆಗೆದಿಡುವ ಪದ್ಧತಿ ಮಾಡಿಕೊಂಡಿದ್ದೇವೆ. ಕಾಳು ಆರಿಸುವುದು, ಮಾವು ಒಣಹಾಕುವುದು, ಮಜ್ಜಿಗೆ ಕಡೆಯುವುದು ಗಂಡಸರಿಂದಲೂ ಆಗುವ ಕೆಲಸಗಳೇ. ಶ್ರೀಹರಿಯ ಸೇವೆಯಲ್ಲಿ ಇದು ನನ್ನದಲ್ಲವೆನ್ನಲು ಯಾರಿಗೂ ಅಧಿಕಾರವಿಲ್ಲ.

ಕೊನೆಯದಾಗಿ

ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಆಚರಣೆಯಲ್ಲಿ ಸ್ವಲ್ಪ ಸ್ವಲ್ಪ ಭೇದವಿದೆ. ಒಬ್ಬರಲ್ಲಿ ಸಲ್ಲುವುದು ಇನ್ನೊಬ್ಬರಲ್ಲಿ ಸಲ್ಲದು. ಆದುದರಿಂದ ನಮ್ಮ ಈ ಬರಹವೇ ಪ್ರಮಾಣವೆಂದು ತಿಳಿಯದೆ, ತಮ್ಮ ಮಠದ ಪಂಚಾಂಗವನ್ನು ನೋಡಿ, ತಮ್ಮ ಮನೆಯ ಹಿರಿಯರನ್ನು ಕೇಳಿಕೊಳ್ಳಬೇಕು. ಕೇಳುವುದನ್ನು ಮುಂದೂಡಬಾರದು. ಈ ಆಷಾಢಕ್ಕೆ ಮುಂಚೆ ಒಂದು ವಹಿಯನ್ನು ತಂದು, ನಾಲ್ಕು ತಿಂಗಳಿಗೆ ನಾಲ್ಕು ಭಾಗ ಮಾಡಿ, ಅಜ್ಜಿಯ ಬಳಿ ಮೊಮ್ಮಕ್ಕಳನ್ನು ಕೂರಿಸಿ ಬರೆಯಿಸಿರಿ. ಬಟ್ಟಲಿನ ಅಳತೆ ಕೇಳಿದರೆ ಅವರು “ಕೈಯಳತೆ” ಎನ್ನುವರು. ಆಗ ಅವರ ಕೈಯಿಂದಲೇ ಹಾಕಿಸಿ, ಅದನ್ನು ಬಟ್ಟಲಿಗೆ ಸುರಿದು ಅಳೆದು ಬರೆಯಿರಿ.

ನಮ್ಮ ಮನೆಯ ವಹಿಯಲ್ಲಿ ಈಗ ನಲವತ್ತಕ್ಕೂ ಹೆಚ್ಚು ಅಡಿಗೆಗಳಿವೆ. ಅರ್ಧದಷ್ಟನ್ನು ಸೊಸೆಯು ತನ್ನ ತವರಿನ ಹಿರಿಯರಿಂದ ಕೇಳಿ ಬರೆದಳು, ಉಳಿದವನ್ನು ನೆರೆಹೊರೆಯ ಮುತ್ತೈದೆಯರು ಹೇಳಿದರು. ನಮ್ಮ ಮಾತೋಶ್ರೀಯವರ ಕೈಯ ಒಂದು ಅಡಿಗೆಯೂ ಅದರಲ್ಲಿಲ್ಲ. ಆ ಪುಟ ಖಾಲಿಯಾಗಿಯೇ ಉಳಿದಿದೆ. ತಮ್ಮ ಮನೆಯ ವಹಿಯಲ್ಲಿ ಅಂಥ ಖಾಲಿ ಪುಟ ಉಳಿಯದಿರಲೆಂದು ಶ್ರೀಹರಿವಾಯುಗುರುಗಳಲ್ಲಿ ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥